ಸಾಕ್ಷಿ ನುಡಿಯುವ ಬೆಳಕು

ಬಹಳ ವರ್ಷಗಳ ಹಿಂದಿನ ಮಾತು. ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡದ ಅಧ್ಯಾಪಕನಾಗಿದ್ದೆನು. ಒಂದು ದಿನ ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದುದರಿಂದ ಅವರ ತರಗತಿಯನ್ನು ನಾನೇ ನೋಡಿಕೊಳ್ಳಬೇಕಾಯಿತು. ಅಂದಿನ ಪಾಠ ಸಾಬೂನನ್ನು ಕುರಿತದ್ದು. ಪುಸ್ತಕವನ್ನು ಕೈಯಲ್ಲಿ ಹಿಡಿದು, "ಸಾಬೂನಿನ ಅಣುಗಳು ನೀರಿನಲ್ಲಿ ಒಂದುಗೂಡಿ ಅತಿ ಸಣ್ಣ ಗೋಳಗಳಾಗುತ್ತವೆ, ಈ ಗೋಳಗಳು ಜಿಡ್ಡನ್ನು ತಮ್ಮ ಒಡಲಿನಲ್ಲಿ ಅಡಗಿಸಿಕೊಂಡು ನೀರಿನೊಡನೆ ಹೊರಟುಹೋಗುತ್ತವೆ" ಎಂದು ಓದಿ ಹೇಳಿದೆನು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಮನೆಯವರು ಬಟ್ಟೆ ಒಗೆಯುವ ಕಾಯಕದವರು.

"ಸಾರ್, ಸಾಬೂನಿನ ನೀರು ಹದಕ್ಕೆ ಬರಬೇಕು ಎಂದು ನಮ್ಮವ್ವ ಹೇಳುತ್ತಾಳೆ. ಹದಕ್ಕಿಂತ ಕಡಿಮೆಯಾದರೆ ಜಿಡ್ಡು ಬಿಡುವುದಿಲ್ಲವಂತೆ. ಆ ಗೋಳಗಳು ಹದ ಬಂದಮೇಲೆಯೇ ಆಗುತ್ತವೆಯೇ? ಅವುಗಳನ್ನು ಕಂಡವರು ಯಾರು?"

ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದು ಎಂದು ಒಪ್ಪಿಕೊಳ್ಳುವ ದೊಡ್ಡತನವೂ ಆಗ ನನ್ನಲ್ಲಿರಲಿಲ್ಲ. "ಪುಸ್ತಕದಲ್ಲಿ ಹಾಗೆ ಇದೆ, ಬರೆದುಕೋ" ಎಂದುಬಿಟ್ಟೆನು. ಅವಳು ಕುಳಿತಳು, ಅವಳ ಪ್ರಶ್ನೆ ಮಾತ್ರ ನನ್ನ ಮನಸ್ಸಿನಲ್ಲಿ ನಿಂತೇ ಇತ್ತು. ನಿವೃತ್ತನಾದ ಮೇಲೆ ಬಿಡುವಿನಲ್ಲಿ ಓದಿ, ಬಲ್ಲವರನ್ನು ಕೇಳಿ, ನಾನು ತಿಳಿದುಕೊಂಡುದನ್ನು ಈಗ ನಿಮಗೆ ಹೇಳುತ್ತೇನೆ. ಇದು ಅಂದು ಆ ಹುಡುಗಿಗೆ ಸಲ್ಲಬೇಕಾಗಿದ್ದ ಉತ್ತರ.

ಮೊದಲು ಸಾಬೂನಿನ ಅಣುವಿನ ಸ್ವಭಾವವನ್ನು ತಿಳಿಯೋಣ. ಅದು ಉದ್ದವಾದ ಅಣು. ಅದರ ಒಂದು ತುದಿಯಲ್ಲಿ ವಿದ್ಯುದಂಶವುಳ್ಳ ಚಿಕ್ಕ 'ತಲೆ' ಇದೆ. ಇದಕ್ಕೆ ನೀರೆಂದರೆ ಒಲವು. ಉಳಿದುದು ಇಂಗಾಲದ ಪರಮಾಣುಗಳು ಸರಪಳಿಯಂತೆ ಜೋಡಣೆಗೊಂಡ 'ಬಾಲ'. ಇದು ಎಣ್ಣೆಯ ಜಾತಿಗೆ ಸೇರಿದುದು. ಇದಕ್ಕೆ ನೀರು ಒಗ್ಗದು. ನೀರನ್ನು ಬಯಸುವ ತಲೆ, ನೀರನ್ನು ಒಲ್ಲದ ಬಾಲ, ಇವೆರಡೂ ಒಂದೇ ಅಣುವಿನಲ್ಲಿ ಬಿಡಿಸಲಾರದಂತೆ ಸೇರಿಕೊಂಡಿವೆ. ಹೀಗಿರುವಾಗ ಅದು ನೀರಿನಲ್ಲಿ ಬಾಳುವುದು ಹೇಗೆ?

ನಡುಹಗಲಿನ ಬಿಸಿಲಿನಲ್ಲಿ ಕುರಿಗಳು ತಲೆಗಳನ್ನು ಒಳಕ್ಕೆ ಸೇರಿಸಿ ಗುಂಪುಗೂಡಿ ನಿಲ್ಲುವುದನ್ನು ನೀವು ನೋಡಿರಬಹುದು. ಸಾಬೂನಿನ ಅಣುಗಳು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಆದರೆ ಇಲ್ಲಿ ಒಳಕ್ಕೆ ಸೇರುವುದು ಬಾಲ, ಹೊರಗೆ ಉಳಿಯುವುದು ತಲೆ. ಬಾಲಗಳೆಲ್ಲ ನಡುವೆ ಒತ್ತಟ್ಟಿಗೆ ಸೇರಿ ಎಣ್ಣೆಯ ಒಂದು ಪುಟ್ಟ ಹನಿಯಂತಾಗುತ್ತವೆ. ತಲೆಗಳು ಹೊರಗೆ ನೀರಿನ ಕಡೆಗೆ ಮುಖಮಾಡಿ ನಿಲ್ಲುತ್ತವೆ. ಇಂತಹ ಗುಂಪಿಗೆ ವಿಜ್ಞಾನಿಗಳು 'ಮಿಸೆಲ್' ಎಂದು ಹೆಸರಿಟ್ಟಿದ್ದಾರೆ. ಎಣ್ಣೆಯ ಜಿಡ್ಡಿಗೆ ಈ ಗುಂಪಿನ ಒಡಲು ಸ್ವಂತ ಮನೆಯಂತೆ. ಅದು ಅಲ್ಲಿ ಹೊಕ್ಕು ಕುಳಿತು ನೀರಿನೊಡನೆ ಸಾಗಿಹೋಗುತ್ತದೆ.

ನೀರಿಗೆ ಸಾಬೂನನ್ನು ತೀರ ಸ್ವಲ್ಪವಾಗಿ ಹಾಕಿದಾಗ ಅಣುಗಳಲ್ಲಿ ಕೆಲವು ನೀರಿನ ಮೇಲ್ಮೈಯಲ್ಲಿ ನಿಲ್ಲುತ್ತವೆ, ಉಳಿದವು ಒಂಟಿಯಾಗಿ ಅಲೆಯುತ್ತವೆ. ಹಾಕುತ್ತ ಹೋದಂತೆ ಒಂದು ಮಿತಿ ಬರುತ್ತದೆ. ಆ ಮಿತಿಯನ್ನು ದಾಟಿದ ಮೇಲೆ ಹೊಸದಾಗಿ ಸೇರಿಸಿದ ಅಣುಗಳು ಬಹುಮಟ್ಟಿಗೆ ಗುಂಪುಗಳಾಗಿಯೇ ಕೂಡಿಕೊಳ್ಳುತ್ತವೆ. ಈ ಮಿತಿಗೆ 'ಕ್ರಾಂತಿಕ ಸಾರತೆ' ಎಂದು ಹೆಸರು. ಆ ಹುಡುಗಿಯ ತಾಯಿ ಹೇಳಿದ 'ಹದ' ಇದಕ್ಕೆ ಬಹು ಹತ್ತಿರದ ಮಾತು. ಒಗೆಯುವ ನೀರಿನ ಗಡಸುತನ, ಬಟ್ಟೆಯ ಕೊಳೆ ಮುಂತಾದ ಬೇರೆ ಸಂಗತಿಗಳೂ ಅವಳ ಹದದಲ್ಲಿ ಸೇರಿವೆ, ನಿಜ. ಆದರೂ ಹದವೆಂಬುದೊಂದಿದೆ ಎಂಬುದನ್ನು ಅವಳ ಕೈ ಅರಿತಿತ್ತು.

ಇನ್ನು, ಈ ಗುಂಪುಗಳನ್ನು ಕಂಡವರು ಯಾರು? ಒಂದು ಮಿಸೆಲಿನ ಅಡ್ಡಳತೆ ಸುಮಾರು 4 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂದು ಇಟ್ಟುಕೊಂಡರೆ, ಅದರ ಅಡ್ಡಕ್ಕೆ ಇಪ್ಪತ್ತು ಸಾವಿರ ಮಿಸೆಲುಗಳನ್ನು ಸಾಲಾಗಿ ಇಡಬಹುದು. ಶಾಲೆಯ ಸೂಕ್ಷ್ಮದರ್ಶಕಕ್ಕೆ ಇವು ಕಾಣುವಂತಿಲ್ಲ. ಅಲ್ಲದೆ ಇವು ಕಲ್ಲಿನ ಗುಂಡುಗಳಂತೆ ಸ್ಥಿರವಾದುವೂ ಅಲ್ಲ. ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ಕಾಲದಲ್ಲಿ ಒಂದು ಅಣು ಗುಂಪನ್ನು ಬಿಟ್ಟು ಹೊರಡುತ್ತದೆ, ಇನ್ನೊಂದು ಬಂದು ಸೇರುತ್ತದೆ. ಸಂತೆಯ ಜನಸಂದಣಿಯಂತೆ ಗುಂಪು ಇದ್ದೇ ಇರುತ್ತದೆ, ಗುಂಪಿನಲ್ಲಿರುವವರು ಬದಲಾಗುತ್ತಲೇ ಇರುತ್ತಾರೆ.

ಕಣ್ಣಿಗೆ ಕಾಣದ ಈ ಗುಂಪನ್ನು ಮೊದಲು ಊಹಿಸಿದವರಲ್ಲಿ ಪ್ರಮುಖರು ಜೇಮ್ಸ್ ವಿಲಿಯಂ ಮೆಕ್‌ಬೇನ್. ಕೆನಡಾದಲ್ಲಿ ಹುಟ್ಟಿದ ಇವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಸಾಬೂನಿನ ದ್ರಾವಣಗಳನ್ನು ಪರೀಕ್ಷಿಸುತ್ತಿದ್ದರು. ದ್ರಾವಣದಲ್ಲಿ ಬಿಡಿ ಕಣಗಳ ಸಂಖ್ಯೆ ನಿರೀಕ್ಷೆಗಿಂತ ಕಡಿಮೆ ಎಂದು ಒಂದು ಬಗೆಯ ಅಳತೆ ಹೇಳಿತು. ಆದರೆ ಆ ದ್ರಾವಣ ವಿದ್ಯುತ್ತನ್ನು ಚೆನ್ನಾಗಿಯೇ ಹರಿಯಗೊಡುತ್ತಿತ್ತು. ಕಣಗಳು ಕಡಿಮೆಯಾಗಿದ್ದರೂ ವಿದ್ಯುತ್ತು ಸಾಗಬೇಕಾದರೆ, ವಿದ್ಯುದಂಶವುಳ್ಳ ಅಣುಗಳು ಗುಂಪುಗೂಡಿ ಒಟ್ಟಾಗಿ ಚಲಿಸುತ್ತಿರಬೇಕು ಎಂದು ಅವರು 1913ರಲ್ಲಿ ತರ್ಕಿಸಿದರು. ಅಂದಿನ ಅನೇಕ ವಿದ್ವಾಂಸರಿಗೆ ಈ ಮಾತು ರುಚಿಸಲಿಲ್ಲ. ಮೆಕ್‌ಬೇನರು ತಮ್ಮ ಮಾತನ್ನು ಬಿಡಲಿಲ್ಲ, ಪ್ರಯೋಗವನ್ನೂ ಬಿಡಲಿಲ್ಲ. ಮುಂದೆ 1936ರಲ್ಲಿ ಜಿ. ಎಸ್. ಹಾರ್ಟ್ಲಿ ಎಂಬ ವಿಜ್ಞಾನಿ ಮಿಸೆಲಿನ ಗೋಳಾಕಾರದ ಚಿತ್ರವನ್ನು ವಿಶದವಾಗಿ ನಿರೂಪಿಸಿದರು. ಈ ಮೆಕ್‌ಬೇನರೇ ತಮ್ಮ ಇಳಿವಯಸ್ಸಿನಲ್ಲಿ ಭಾರತಕ್ಕೆ ಬಂದು, 1950ರಲ್ಲಿ ಉದ್ಘಾಟನೆಗೊಂಡ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲನೆಯ ನಿರ್ದೇಶಕರಾಗಿ ದುಡಿದರೆಂಬುದು ನಮಗೆ ಸಂತೋಷದ ಸಂಗತಿ.

ಆದರೆ ವಿದ್ಯುತ್ತಿನ ಅಳತೆ ಹೊರಗಿನಿಂದ ಮಾಡಿದ ಅಳತೆ. ಮುಚ್ಚಿದ ಮನೆಯ ಹೊರಗೆ ನಿಂತು, ಒಳಗಿನ ಸದ್ದನ್ನು ಕೇಳಿ, ಇಷ್ಟು ಜನರಿರಬಹುದು ಎಂದು ಎಣಿಸಿದಂತೆ. ಮನೆಯೊಳಗೆ ಹೋಗಿ ನೋಡಿಬಂದು ಹೇಳುವ ಒಬ್ಬ ಸಾಕ್ಷಿ ಸಿಕ್ಕಿದರೆ ಎಷ್ಟು ಚೆನ್ನ! ಅಂತಹ ಸಾಕ್ಷಿ ದೊರಕಿದುದು ಬೆಳಕಿನಿಂದ.

ಕೆಲವು ವಸ್ತುಗಳ ಮೇಲೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಬಿದ್ದರೆ ಅವು ಆ ಕಿರಣವನ್ನು ಹೀರಿಕೊಂಡು ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಇದಕ್ಕೆ 'ಪ್ರತಿದೀಪ್ತಿ' ಎಂದು ಹೆಸರು. ನಮ್ಮ ಕಾಡುಗಳಲ್ಲಿ ಬೆಳೆಯುವ ಹೊನ್ನೆಮರದ ತಿರುಳಿನ ಚೂರನ್ನು ನೀರಿನಲ್ಲಿ ನೆನೆಯಿಟ್ಟು ಬಿಸಿಲಿಗೆ ಹಿಡಿದರೆ, ಹೊಂಬಣ್ಣದ ಆ ನೀರಿನಲ್ಲಿ ನೀಲಿಯ ಛಾಯೆಯೊಂದು ಮಿನುಗುತ್ತದೆ, ಅದೂ ಪ್ರತಿದೀಪ್ತಿಯೇ. ಇಂಗ್ಲೆಂಡಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ ಈ ವಿದ್ಯಮಾನವನ್ನು ಶಾಸ್ತ್ರೀಯವಾಗಿ ವಿವರಿಸಿದರು. ಅವರು ಸೂರ್ಯನ ಬೆಳಕನ್ನು ಅಶ್ರಗದಿಂದ ಏಳು ಬಣ್ಣಗಳಾಗಿ ಒಡೆದು, ಕ್ವಿನೈನ್ ದ್ರಾವಣವಿದ್ದ ಪ್ರನಾಳವನ್ನು ಒಂದೊಂದು ಬಣ್ಣದಲ್ಲಿಯೂ ಹಿಡಿದು ನೋಡಿದರು. ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಏನೂ ಆಗಲಿಲ್ಲ. ನೇರಳೆಯ ಅಂಚಿಗೆ ಬಂದು, ಅದರಾಚೆಯ ಕತ್ತಲಿನಲ್ಲಿ ಹಿಡಿದಾಗ ದ್ರಾವಣ ನೀಲಿಯಾಗಿ ಬೆಳಗಿತು! ಇದು 1852ರಲ್ಲಿ ಪ್ರಕಟವಾದ ಸಂಗತಿ.

ಹೀಗಾಗುವುದೇಕೆ? ಅಣುವು ಕಿರಣದ ಶಕ್ತಿಯನ್ನು ಹೀರಿ ಉದ್ರಿಕ್ತ ಸ್ಥಿತಿಗೆ ಏರುತ್ತದೆ. ಆ ಶಕ್ತಿಯಲ್ಲಿ ಸ್ವಲ್ಪ ಭಾಗ ಸುತ್ತಲಿನ ಅಣುಗಳಿಗೆ ಶಾಖವಾಗಿ ಸೋರಿಹೋಗುತ್ತದೆ. ಉಳಿದ ಶಕ್ತಿಯನ್ನು ಅಣುವು ಬೆಳಕಾಗಿ ಚೆಲ್ಲಿ ತನ್ನ ಮೊದಲಿನ ಸ್ಥಿತಿಗೆ ಇಳಿಯುತ್ತದೆ. ಪಡೆದುದಕ್ಕಿಂತ ಕೊಡುವ ಶಕ್ತಿ ಕಡಿಮೆಯಾದುದರಿಂದ ಹೊರಬರುವ ಬೆಳಕಿನ ತರಂಗದೂರ ಹೆಚ್ಚು. ಇಷ್ಟೆಲ್ಲ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಮುಗಿಯುತ್ತದೆ. ಆ ಅತ್ಯಲ್ಪ ಕಾಲದಲ್ಲಿಯೂ ಅಣುವು ತನ್ನ ನೆರೆಹೊರೆಯ ಪ್ರಭಾವಕ್ಕೆ ಒಳಗಾಗಿರುತ್ತದೆ. ಆದುದರಿಂದ ಅದು ಸೂಸುವ ಬೆಳಕಿನಲ್ಲಿ ನೆರೆಹೊರೆಯ ಸುಳಿವು ಅಡಗಿರುತ್ತದೆ. ಇಂತಹ ಅಣುವನ್ನು ದ್ರಾವಣದೊಳಕ್ಕೆ ಕಳುಹಿಸಿ, ಅದರ ಬೆಳಕನ್ನು ಓದಿ, ಅಲ್ಲಿನ ಸಮಾಚಾರ ತಿಳಿಯಬಹುದು. ಇದನ್ನೇ 'ಪ್ರತಿದೀಪ್ತಿ ಶೋಧಕ' ಎನ್ನುತ್ತಾರೆ.

ಇಂತಹ ಶೋಧಕಗಳಲ್ಲಿ ಬಹು ಪ್ರಸಿದ್ಧವಾದುದು ಪೈರೀನ್. ಇಂಗಾಲದ 16 ಮತ್ತು ಜಲಜನಕದ 10 ಪರಮಾಣುಗಳಿಂದಾದ ಇದರ ಅಣುವಿನಲ್ಲಿ ನಾಲ್ಕು ಉಂಗುರಗಳು ಅಚ್ಚುಕಟ್ಟಾಗಿ ಕೂಡಿಕೊಂಡಿವೆ. ನೀರಿನಲ್ಲಿ ಇದು ಕರಗುವುದು ಅತ್ಯಲ್ಪ. ಎಣ್ಣೆಯಂತಹ ನೆಲೆ ಸಿಕ್ಕಿದರೆ ಅಲ್ಲಿಗೆ ಓಡುವುದೇ ಇದರ ಗುಣ. ಪೈರೀನ್ ಸೂಸುವ ಬೆಳಕನ್ನು ರೋಹಿತಮಾಪಕದಲ್ಲಿ ಬಿಡಿಸಿ ನೋಡಿದರೆ ಐದು ಶಿಖರಗಳು ಕಾಣುತ್ತವೆ. ಅವುಗಳಲ್ಲಿ ಮೊದಲನೆಯದು ಸುಮಾರು 373 ನ್ಯಾನೋಮೀಟರ್ ತರಂಗದೂರದಲ್ಲಿಯೂ ಮೂರನೆಯದು ಸುಮಾರು 384 ನ್ಯಾನೋಮೀಟರ್ ತರಂಗದೂರದಲ್ಲಿಯೂ ಇವೆ. ಪೈರೀನ್ ಅಣುವಿನ ಸಮಮಿತಿಯ ಕಾರಣದಿಂದ ಮೊದಲನೆಯ ಶಿಖರ ಸಹಜವಾಗಿ ದುರ್ಬಲ. ಆದರೆ ಸುತ್ತಲೂ ನೀರಿನಂತಹ ಧ್ರುವೀಯ ಅಣುಗಳಿದ್ದರೆ ಆ ಸಮಮಿತಿ ಕೊಂಚ ಕದಡಿ ಮೊದಲನೆಯ ಶಿಖರ ಎತ್ತರವಾಗುತ್ತದೆ. ಮೂರನೆಯ ಶಿಖರಕ್ಕೆ ಈ ಪ್ರಭಾವ ಅಷ್ಟಾಗಿ ತಟ್ಟುವುದಿಲ್ಲ. ಆದುದರಿಂದ ಮೊದಲನೆಯ ಶಿಖರದ ಎತ್ತರವನ್ನು ಮೂರನೆಯದರ ಎತ್ತರದಿಂದ ಭಾಗಿಸಿದರೆ, ಪೈರೀನಿನ ಸುತ್ತ ನೀರಿದೆಯೋ ಎಣ್ಣೆಯಿದೆಯೋ ಎಂಬುದು ಗೊತ್ತಾಗುತ್ತದೆ. ನೀರಿನಲ್ಲಿ ಈ ಅನುಪಾತ ಸುಮಾರು 1.8, ಎಣ್ಣೆಯ ಜಾತಿಯ ಹೆಕ್ಸೇನ್ ದ್ರವದಲ್ಲಿ ಸುಮಾರು 0.6. ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಭಾರತೀಯ ಮೂಲದ ಕೆ. ಕಲ್ಯಾಣಸುಂದರಂ ಮತ್ತು ಅವರ ಗುರು ಜೆ. ಕೆ. ಥಾಮಸ್ ಈ ಗುಣವನ್ನು ಮಿಸೆಲುಗಳ ಅಧ್ಯಯನಕ್ಕೆ ಬಳಸುವ ಬಗೆಯನ್ನು 1977ರಲ್ಲಿ ಪ್ರಕಟಿಸಿದರು.

ಇಲ್ಲಿ ಅನುಪಾತವನ್ನು ಬಳಸಿದುದರ ಜಾಣ್ಮೆಯನ್ನು ಗಮನಿಸಿರಿ. ದೀಪ ಸ್ವಲ್ಪ ಮಂಕಾಗಬಹುದು. ಪೈರೀನ್ ಒಂದು ಪ್ರನಾಳಕ್ಕೆ ಕೊಂಚ ಹೆಚ್ಚು, ಇನ್ನೊಂದಕ್ಕೆ ಕೊಂಚ ಕಡಿಮೆ ಬಿದ್ದಿರಬಹುದು. ಹಾಗಾದಾಗ ಎರಡು ಶಿಖರಗಳೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ, ಅನುಪಾತ ಕೆಡುವುದಿಲ್ಲ.

ಪ್ರಯೋಗವನ್ನು ನಡೆಸುವ ಕ್ರಮ ಹೀಗೆ. ಹತ್ತಿಪ್ಪತ್ತು ಪ್ರನಾಳಗಳಲ್ಲಿ ಒಂದೇ ಪ್ರಮಾಣದ ಅತ್ಯಲ್ಪ ಪೈರೀನ್ ಇರುವ ನೀರನ್ನು ತೆಗೆದುಕೊಳ್ಳುತ್ತಾರೆ. ಅವುಗಳಿಗೆ ಕ್ರಮವಾಗಿ ಹೆಚ್ಚು ಹೆಚ್ಚು ಮಾರ್ಜಕವನ್ನು ಸೇರಿಸುತ್ತಾರೆ. ಮಾರ್ಜಕವೆಂದರೆ ಸಾಬೂನಿನಂತೆಯೇ ತಲೆಬಾಲಗಳುಳ್ಳ, ಕೊಳೆ ತೆಗೆಯುವ ವಸ್ತು. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಮಾರ್ಜಕ. ಅನಂತರ ಒಂದೊಂದು ಪ್ರನಾಳದ ಬೆಳಕನ್ನೂ ಅಳೆದು ಅನುಪಾತವನ್ನು ನಕ್ಷೆಯ ಕಾಗದದಲ್ಲಿ ಗುರುತಿಸುತ್ತಾರೆ. ಮೊದಮೊದಲು ಗೆರೆ 1.8ರ ಹತ್ತಿರವೇ ಸಮತಟ್ಟಾಗಿ ಸಾಗುತ್ತದೆ. "ನನ್ನ ಸುತ್ತ ನೀರೇ ಇದೆ" ಎನ್ನುತ್ತದೆ ಸಾಕ್ಷಿ. ಲೀಟರಿಗೆ ಸುಮಾರು 8 ಮಿಲಿಮೋಲ್, ಎಂದರೆ 2.3 ಗ್ರಾಮಿನಷ್ಟು ಮಾರ್ಜಕದ ಸಮೀಪಕ್ಕೆ ಬರುತ್ತಲೇ ಗೆರೆ ಥಟ್ಟನೆ ಕೆಳಗಿಳಿಯುತ್ತದೆ. ಮುಂದೆ ಸುಮಾರು 1.1ರಲ್ಲಿ ಮತ್ತೆ ಸಮತಟ್ಟಾಗುತ್ತದೆ. ನೀರಿನಲ್ಲಿ ಮನೆಗಳು ಎದ್ದಿವೆ, ಸಾಕ್ಷಿ ಮನೆಯನ್ನು ಹೊಕ್ಕಿದೆ! ಹದ ಬಂದ ಗಳಿಗೆಯನ್ನು ಬೆಳಕು ತಾನೇ ಬರೆದು ತೋರಿಸುತ್ತದೆ.

ಮನೆಗಳಿವೆ ಎಂದಮೇಲೆ ಒಂದೊಂದು ಮನೆಯಲ್ಲಿ ಎಷ್ಟು ಜನ ಎಂಬ ಪ್ರಶ್ನೆ ಏಳುತ್ತದೆ. ಇದನ್ನೂ ಬೆಳಕಿನಿಂದಲೇ ಎಣಿಸಬಹುದೆಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ನಿಕೋಲಸ್ ಟುರ್ರೊ ಮತ್ತು ಅಹ್ಮದ್ ಯೆಕ್ತಾ 1978ರಲ್ಲಿ ತೋರಿಸಿಕೊಟ್ಟರು. ಅವರ ಉಪಾಯ ಸರಳವೂ ಸೊಗಸೂ ಆದುದು. ದೀಪಾವಳಿಯ ರಾತ್ರಿ ಒಂದು ಊರನ್ನು ಕಲ್ಪಿಸಿಕೊಳ್ಳಿರಿ. ಕೆಲವು ಮನೆಗಳಲ್ಲಿ ಒಂದೊಂದು ದೀಪ ಉರಿಯುತ್ತಿದೆ. ದೀಪವನ್ನು ಕಂಡೊಡನೆ ಊದಿ ಆರಿಸುವ ತುಂಟ ಹುಡುಗರು ಊರಿಗೆ ಬಂದು, ಯಾವ ಕ್ರಮವೂ ಇಲ್ಲದೆ ಮನಬಂದ ಮನೆಗಳಿಗೆ ನುಗ್ಗುತ್ತಾರೆ. ಹುಡುಗ ಹೊಕ್ಕ ಮನೆಯ ದೀಪ ಆರುತ್ತದೆ, ಹೊಗದ ಮನೆಯ ದೀಪ ಉಳಿಯುತ್ತದೆ. ಊರಿನಲ್ಲಿರುವ ಮನೆಗಳಷ್ಟೇ ಹುಡುಗರು ಬಂದರೆ ಎಲ್ಲ ದೀಪಗಳೂ ಆರುತ್ತವೆಯೇ? ಇಲ್ಲ. ಕೆಲವು ಮನೆಗಳಿಗೆ ಇಬ್ಬರು, ಮೂವರು ನುಗ್ಗಿರುತ್ತಾರೆ. ಕೆಲವಕ್ಕೆ ಯಾರೂ ಹೋಗಿರುವುದಿಲ್ಲ. ಸಂಭವನೀಯತೆಯ ಗಣಿತದ ಪ್ರಕಾರ ಅಂತಹ ಊರಿನಲ್ಲಿ ನೂರಕ್ಕೆ ಸುಮಾರು 37 ದೀಪಗಳು ಉರಿಯುತ್ತಲೇ ಇರುತ್ತವೆ.

ಈ ಲೆಕ್ಕವನ್ನು ತಿರುಗಿಸಿ ನೋಡಿರಿ. ದ್ರಾವಣಕ್ಕೆ ಬೆಳಕನ್ನು ನಂದಿಸುವ ಅಣುಗಳನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹೋಗಬೇಕು. ಬೆಳಕು ಮೊದಲಿನ ನೂರರಲ್ಲಿ 37 ಭಾಗಕ್ಕೆ ಇಳಿದಾಗ, ನಾವು ಹಾಕಿದ ನಂದಿಸುವ ಅಣುಗಳ ಸಂಖ್ಯೆಯೇ ಮಿಸೆಲುಗಳ ಸಂಖ್ಯೆ! ಒಂದು ಲೀಟರಿನಲ್ಲಿ ಒಟ್ಟು 38 ಮಿಲಿಮೋಲ್ ಮಾರ್ಜಕವಿದೆ ಎಂದು ಇಟ್ಟುಕೊಳ್ಳೋಣ. ಅದರಲ್ಲಿ ಸುಮಾರು 8 ಮಿಲಿಮೋಲ್ ಒಂಟಿಯಾಗಿ ಅಲೆಯುತ್ತದೆ. ಗುಂಪುಗೂಡಿರುವುದು 30 ಮಿಲಿಮೋಲ್. ಬೆಳಕು 37 ಭಾಗಕ್ಕೆ ಇಳಿಯಲು 0.5 ಮಿಲಿಮೋಲ್ ನಂದಿಸುವ ಅಣುಗಳು ಬೇಕಾದರೆ, ಮಿಸೆಲುಗಳೂ 0.5 ಮಿಲಿಮೋಲ್ ಎಂದಾಯಿತು. ಮೂವತ್ತನ್ನು ಅರ್ಧದಿಂದ ಭಾಗಿಸಿದರೆ ಬರುವುದು 60. ಟುರ್ರೊ ಮತ್ತು ಯೆಕ್ತಾ ತಮ್ಮ ಅಳತೆಗಳಿಂದ ಈ ಮಾರ್ಜಕಕ್ಕೆ ಪಡೆದ ಉತ್ತರವೂ ಸುಮಾರು 60. ಕಣ್ಣಿಗೆ ಕಾಣದ ಮನೆಯಲ್ಲಿ ಸುಮಾರು ಅರವತ್ತು ಜನ!

ಆದರೆ ಸಾಕ್ಷಿ ಹೇಳಿದುದನ್ನೆಲ್ಲ ಹಾಗೆಯೇ ನಂಬುವುದು ನ್ಯಾಯವಲ್ಲ. ಒಳ್ಳೆಯ ನ್ಯಾಯಾಧೀಶನಂತೆ ವಿಜ್ಞಾನಿ ಮೂರು ವಿಷಯಗಳನ್ನು ವಿಚಾರಿಸುತ್ತಾನೆ. ಮೊದಲನೆಯದು, ಸಾಕ್ಷಿ ನಿಂತಿದ್ದುದು ಎಲ್ಲಿ? ಮಿಸೆಲಿನಲ್ಲಿ ಪೈರೀನ್ ಕೊಡುವ ಅನುಪಾತ 1.1, ಹೆಕ್ಸೇನಿನ 0.6 ಅಲ್ಲ. ಎಂದರೆ ಅದು ಮನೆಯ ನಟ್ಟನಡುವೆ ಇಲ್ಲ. ನೀರು ಸ್ವಲ್ಪ ಇಣುಕುವ ಜಗಲಿಯ ಸಮೀಪದಲ್ಲಿದೆ. ಅದು ಹೇಳುವುದು ತಾನು ನಿಂತ ನೆಲೆಯ ಸುದ್ದಿಯನ್ನು ಮಾತ್ರ. ಎರಡನೆಯದು, ಸಾಕ್ಷಿಯಿಂದಲೇ ಮನೆ ಕದಡಿತೇ? ಪೈರೀನ್ ಹೆಚ್ಚಾದರೆ ಅದು ಮಿಸೆಲಿನ ಸ್ವರೂಪವನ್ನೇ ಬದಲಿಸಬಹುದು. ಒಂದೇ ಮನೆಯಲ್ಲಿ ಎರಡು ಪೈರೀನ್ ಅಣುಗಳು ಸೇರಿದರೆ ಅವು ಜೊತೆಗೂಡಿ, 475 ನ್ಯಾನೋಮೀಟರಿನ ಆಸುಪಾಸಿನಲ್ಲಿ ಬೇರೆಯೇ ಬಗೆಯ ಬೆಳಕನ್ನು ಸೂಸುತ್ತವೆ. ಆದುದರಿಂದ ಸಾವಿರ ಮಿಸೆಲುಗಳಿಗೆ ಒಂದೋ ಎರಡೋ ಪೈರೀನ್ ಅಣುಗಳಿದ್ದರೆ ಸಾಕು. ಮೂರನೆಯದು, ಬೇರೆ ಸಾಕ್ಷಿಗಳು ಏನೆನ್ನುತ್ತವೆ? ನೈಲ್ ರೆಡ್ ಎಂಬ ಇನ್ನೊಂದು ಶೋಧಕ ನೀರಿನಲ್ಲಿ ಮಂಕಾಗಿದ್ದು ಎಣ್ಣೆಯ ನೆಲೆಯಲ್ಲಿ ಪ್ರಕಾಶಿಸುತ್ತದೆ. ಅದರ ಮಾತು, ವಿದ್ಯುದ್ವಾಹಕತೆಯ ಅಳತೆ, ನೀರಿನ ಮೇಲ್ಮೈ ಎಳೆತದ ಅಳತೆ, ಇವೆಲ್ಲವೂ ಒಂದೇ ಹದದ ಸುತ್ತ ಬಂದು ನಿಂತಾಗ ನಮ್ಮ ನಂಬಿಕೆಗೆ ಬಲ ಬರುತ್ತದೆ.

ಇಷ್ಟು ಶ್ರಮವೆಲ್ಲ ಬಟ್ಟೆಯ ಕೊಳೆಗಾಗಿ ಮಾತ್ರವೇ ಎಂದು ನೀವು ಕೇಳಬಹುದು. ಇಂತಹ ಗುಂಪುಗಳು ನಮ್ಮ ದೇಹದಲ್ಲಿಯೂ ಇವೆ. ನಾವು ಉಂಡ ತುಪ್ಪ, ಎಣ್ಣೆಗಳು ನೀರಿನಿಂದ ಕೂಡಿದ ಕರುಳಿನಲ್ಲಿ ಕರಗಲಾರವು. ಯಕೃತ್ತು ಸ್ರವಿಸುವ ಪಿತ್ತರಸದಲ್ಲಿರುವ ಲವಣಗಳು ಮಿಸೆಲುಗಳನ್ನು ಕಟ್ಟಿ, ಜೀರ್ಣವಾದ ಕೊಬ್ಬನ್ನೂ ಎ, ಡಿ, ಇ, ಕೆ ಎಂಬ ಜೀವಸತ್ವಗಳನ್ನೂ ಕರುಳಿನ ಗೋಡೆಗೆ ಮುಟ್ಟಿಸುತ್ತವೆ. ಪಿತ್ತರಸದ ಹಾದಿ ಕಟ್ಟಿಕೊಂಡ ರೋಗಿಯು ಪುಷ್ಟಿಕರವಾದ ಆಹಾರವನ್ನು ಉಂಡರೂ ಈ ಜೀವಸತ್ವಗಳ ಕೊರತೆಯಿಂದ ಬಳಲುತ್ತಾನೆ. ನೀರಿನಲ್ಲಿ ಕರಗದ ಔಷಧಿಗಳನ್ನು ರಕ್ತದಲ್ಲಿ ಸಾಗಿಸಲು ವಿಜ್ಞಾನಿಗಳು ಮಿಸೆಲುಗಳನ್ನೇ ವಾಹನಗಳನ್ನಾಗಿ ಮಾಡುತ್ತಿದ್ದಾರೆ. ರಕ್ತದಲ್ಲಿ ಬೆರೆತು ತೆಳುವಾದಾಗ ಆ ವಾಹನ ದಾರಿಯಲ್ಲಿಯೇ ಒಡೆದರೆ ಔಷಧಿ ಮುಟ್ಟಬೇಕಾದೆಡೆಗೆ ಮುಟ್ಟದು. ಆದುದರಿಂದ ಯಾವ ಸಾರತೆಯಲ್ಲಿ ಗುಂಪು ಕೂಡುತ್ತದೆ, ಯಾವಾಗ ಚದುರುತ್ತದೆ ಎಂಬುದನ್ನು ಖಚಿತವಾಗಿ ಅರಿಯುವುದು ಅಗತ್ಯ. ಅದನ್ನು ತಿಳಿಸುವ ಕೆಲಸವನ್ನು ಇಂದಿಗೂ ಪೈರೀನಿನ ಬೆಳಕು ಮಾಡುತ್ತಿದೆ.

ನಮ್ಮ ಹಿರಿಯರು ಅಂಟುವಾಳಕಾಯಿಯನ್ನು ನೆನೆಸಿ, ಹಿಸುಕಿ, ರೇಷ್ಮೆಯ ಸೀರೆಗಳನ್ನು ಒಗೆಯುತ್ತಿದ್ದರು. ಆ ಕಾಯಿಯ ಸಾರವೂ ನೀರಿನಲ್ಲಿ ಮಿಸೆಲುಗಳನ್ನು ಕಟ್ಟುತ್ತದೆ. ಅವರಿಗೆ ಆ ಹೆಸರು ತಿಳಿದಿರಲಿಲ್ಲ, ಹದ ತಿಳಿದಿತ್ತು. ಹದವನ್ನು ಕೈ ಕಂಡುಕೊಳ್ಳುತ್ತದೆ. ಹದಕ್ಕೆ ಕಾರಣವೇನೆಂದು ಬುದ್ಧಿ ಕೇಳುತ್ತದೆ. ಅಂದು ಆ ಹುಡುಗಿ ಕೇಳಿದುದೂ ಅದನ್ನೇ.

ಅವಳು ಈಗ ಎಲ್ಲಿದ್ದಾಳೋ ನಾನರಿಯೆ. ಮತ್ತೆ ಅವಳ ಎದುರಿಗೆ ನಿಲ್ಲುವ ಅವಕಾಶ ಸಿಕ್ಕಿದರೆ ಹೀಗೆ ಹೇಳುತ್ತೇನೆ: "ಹೌದಮ್ಮ, ಆ ಗೋಳಗಳು ಹದ ಬಂದಮೇಲೆಯೇ ಆಗುತ್ತವೆ, ನಿಮ್ಮ ತಾಯಿಯ ಮಾತು ಸರಿ. ಅವುಗಳನ್ನು ಬರಿಗಣ್ಣಿನಿಂದ ಕಂಡವರಿಲ್ಲ. ಆದರೆ ಅವುಗಳೊಳಗೆ ಹೊಕ್ಕು ಬಂದ ಬೆಳಕು ಸಾಕ್ಷಿ ನುಡಿದಿದೆ. ಆ ಸಾಕ್ಷಿಯನ್ನು ಅನೇಕರು ಅನೇಕ ಬಗೆಯಲ್ಲಿ ಪರೀಕ್ಷಿಸಿ ನೋಡಿದ್ದಾರೆ." ಮಕ್ಕಳೇ, ನೀವೂ ನಿಮ್ಮ ಪುಸ್ತಕದಲ್ಲಿ ಓದುವ ಪ್ರತಿಯೊಂದು ಮಾತಿಗೂ "ಇದನ್ನು ಕಂಡವರು ಯಾರು? ಹೇಗೆ ಕಂಡರು?" ಎಂದು ಕೇಳಿರಿ. ಕೇಳಿದುದಕ್ಕೆ ಉತ್ತರ ಸಿಕ್ಕದಿದ್ದರೆ ಬೇಸರಪಡಬೇಡಿರಿ. ನಿಮ್ಮ ಅಧ್ಯಾಪಕರಿಗೆ ಉತ್ತರವನ್ನು ಹುಡುಕಲು ಸ್ವಲ್ಪ ಕಾಲಾವಕಾಶ ಬೇಕಾಗಬಹುದು.